ಕೋಳಿಗಳು ತೋರಿದ ದಾರಿ: ಕ್ರಿಶ್ಚಿಯಾನ್ ಐಕ್‌ಮನ್

ಮಕ್ಕಳೇ, ನಿಮ್ಮ ಮನೆಯಲ್ಲಿ ಕೋಳಿ ಸಾಕಿದ್ದೀರಾ? ಬೆಳಿಗ್ಗೆ ಒಡ್ಡಿಯ ಬಾಗಿಲು ತೆಗೆದಾಗ ಎಲ್ಲವೂ ಓಡಿ ಬಂದರೂ ಒಂದು ಮಾತ್ರ ಮೂಲೆಯಲ್ಲಿ ತೂಕಡಿಸುತ್ತಿದ್ದರೆ ಕಡೆಗಣಿಸಬೇಡಿ. ಕೋಳಿಗಳ ಕಾಯಿಲೆಯನ್ನು ಗಮನಿಸಿಯೇ ಒಬ್ಬ ವೈದ್ಯರು ಮನುಷ್ಯರ ಜೀವ ಉಳಿಸುವ ದಾರಿ ಕಂಡುಕೊಂಡರು!

ಅವರೇ ಕ್ರಿಶ್ಚಿಯಾನ್ ಐಕ್‌ಮನ್. ನೆದರ್ಲೆಂಡ್ಸ್‌ನಲ್ಲಿ 1858ರ ಆಗಸ್ಟ್ 11ರಂದು ಹುಟ್ಟಿದರು. ಸೇನೆಯ ವೈದ್ಯರಾಗಿ 1883ರಲ್ಲಿ ಇಂದಿನ ಇಂಡೋನೇಷ್ಯಾಕ್ಕೆ ಹೋದರು. ಮಲೇರಿಯಾ ಬಂದು ಊರಿಗೆ ಮರಳಬೇಕಾಯಿತು. ಬರ್ಲಿನ್‌ನಲ್ಲಿ ರಾಬರ್ಟ್ ಕಾಕ್ ಅವರ ಬಳಿ ರೋಗಾಣುಗಳ ಬಗ್ಗೆ ಕಲಿತು, 1886ರಲ್ಲಿ ಮತ್ತೆ ಅಲ್ಲಿಗೆ ಹೋದರು. ಅಲ್ಲಿ ಬೆರಿಬೆರಿ ಎಂಬ ಕಾಯಿಲೆಯಿಂದ ಸೈನಿಕರೂ ಕೈದಿಗಳೂ ಕಾಲಿನ ಬಲ ಕಳೆದುಕೊಂಡು ಸಾಯುತ್ತಿದ್ದರು. ಇದಕ್ಕೆ ಯಾವುದೋ ರೋಗಾಣು ಕಾರಣವೆಂದೇ ಐಕ್‌ಮನ್ ನಂಬಿದ್ದರು.

ಒಮ್ಮೆ ಬಟಾವಿಯಾದ (ಇಂದಿನ ಜಕಾರ್ತ) ಪ್ರಯೋಗಾಲಯದ ಕೋಳಿಗಳು ತೂರಾಡತೊಡಗಿದವು. ನಿಲ್ಲಲಾರದೆ ಮಗ್ಗುಲಾಗಿ ಬೀಳುತ್ತಿದ್ದವು. ಕಾಯಿಲೆ ಬಲಿತಾಗ ಜುಟ್ಟು ನೀಲಿಗಟ್ಟುತ್ತಿತ್ತು. ಹುಡುಕಿದರೂ ರೋಗಾಣು ಸಿಗಲಿಲ್ಲ. ಕೆಲವು ತಿಂಗಳ ಬಳಿಕ ಕೋಳಿಗಳು ಇದ್ದಕ್ಕಿದ್ದಂತೆ ಚೇತರಿಸಿಕೊಂಡವು. ಏಕೆ? ಅಷ್ಟು ದಿನ ಅವುಗಳಿಗೆ ಹಾಕುತ್ತಿದ್ದುದು ಸೇನಾ ಆಸ್ಪತ್ರೆಯಲ್ಲಿ ಉಳಿದ ಬಿಳಿ ಅನ್ನ. ಹೊಸ ಅಡುಗೆಯವನು ಅದನ್ನು ಕೊಡಲು ಒಪ್ಪಲಿಲ್ಲ. ಹೀಗಾಗಿ ಕೋಳಿಗಳಿಗೆ ಪಾಲಿಶ್ ಮಾಡದ ಅಕ್ಕಿ ಸಿಕ್ಕಿತ್ತು!

ಐಕ್‌ಮನ್ ಇದನ್ನು ಪ್ರಯೋಗ ಮಾಡಿ ನೋಡಿದರು. ಬಿಳಿ ಅಕ್ಕಿ ತಿಂದ ಕೋಳಿಗಳು ಕಾಯಿಲೆ ಬಿದ್ದವು. ತೌಡು ಕೊಟ್ಟಾಗ ಗುಣವಾದವು. ಬಿಳಿ ಅಕ್ಕಿಯಲ್ಲಿ ವಿಷವಿದೆ ಎಂದು ಅವರು ಭಾವಿಸಿದ್ದು ಮಾತ್ರ ತಪ್ಪಾಗಿತ್ತು. ತೌಡಿನಲ್ಲಿರುವ ಅಗತ್ಯ ವಸ್ತುವೊಂದು ಬಿಳಿ ಅಕ್ಕಿಯಲ್ಲಿಲ್ಲ ಎಂದು 1901ರಲ್ಲಿ ಗೆರಿಟ್ ಗ್ರೈನ್ಸ್ ವಿವರಿಸಿದರು. ಅದೇ ಬಿ1 ಜೀವಸತ್ವ, ಅಂದರೆ ಥಯಾಮಿನ್. 1929ರಲ್ಲಿ ಐಕ್‌ಮನ್ ಅವರಿಗೆ ಹಾಪ್ಕಿನ್ಸ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. 1930ರ ನವೆಂಬರ್ 5ರಂದು ಅವರು ತೀರಿಕೊಂಡರು.

ಸಾಗರ, ಹೊಸನಗರ, ತೀರ್ಥಹಳ್ಳಿಯ ನಮಗೂ ಅನ್ನವೇ ಮುಖ್ಯ ಊಟವಲ್ಲವೇ? ಭತ್ತವನ್ನು ಬೇಯಿಸಿ ಒಣಗಿಸಿದಾಗ ಥಯಾಮಿನ್ ಕಾಳಿನೊಳಕ್ಕೆ ಇಳಿಯುತ್ತದೆ. ಆದ್ದರಿಂದ ಕುಚ್ಚಲಕ್ಕಿಯಲ್ಲಿ ಅದು ಬಿಳಿ ಅಕ್ಕಿಗಿಂತ ಹೆಚ್ಚು ಉಳಿದಿರುತ್ತದೆ.

ನೀವೂ ಗಮನಿಸಿ: ಸಾಕಿದ ಹಕ್ಕಿ ಗರಿ ಉಬ್ಬಿಸಿ ಮುದುಡಿ ಕೂತಿದೆಯೇ? ಮೇವು ಬಿಟ್ಟಿದೆಯೇ? ರೆಕ್ಕೆ ಜೋತುಬಿದ್ದಿದೆಯೇ? ಕೊಕ್ಕು ತೆರೆದು ಏದುಸಿರು ಬಿಡುತ್ತಿದೆಯೇ? ಹಿಕ್ಕೆ ನೀರಾಗಿದೆಯೇ? ಹಾಗಿದ್ದರೆ ಅದನ್ನು ಮುಟ್ಟದೆ ಕೂಡಲೇ ಮನೆಯ ಹಿರಿಯರಿಗೆ ತಿಳಿಸಿ. ಅವರು ಅದನ್ನು ಬೇರೆ ಇರಿಸಿ ಪಶುವೈದ್ಯರಿಗೆ ತೋರಿಸಲಿ. ಮುಟ್ಟಿದ್ದರೆ ಸೋಪಿನಿಂದ ಕೈ ತೊಳೆಯಿರಿ. ಹಕ್ಕಿ ಏನು ತಿಂದಿತ್ತು ಎಂಬುದನ್ನು ಬರೆದಿಡಲು ಮರೆಯಬೇಡಿ. ಐಕ್‌ಮನ್ ಅವರಿಗೆ ಉತ್ತರ ಸಿಕ್ಕಿದ್ದು ಅಲ್ಲಿಯೇ!