ಕೆನೆತ್ ಆ್ಯಂಡರ್ಸನ್: ಹತ್ತಿರದ ಈಡನ್ನೇ ನಂಬಿದ ಬೇಟೆಗಾರ

ಕೆನೆತ್ ಆ್ಯಂಡರ್ಸನ್ ಅವರ ಹೆಸರು ಕನ್ನಡದ ಓದುಗರಿಗೆ ತಲುಪಿದ್ದು ಬಹುತೇಕ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ಮೂಲಕ. ‘ಕಾಡಿನ ಕತೆಗಳು’ ಎಂಬ ನಾಲ್ಕು ಸಂಪುಟಗಳ ಭಾವಾನುವಾದವನ್ನು ಓದಿದವರಿಗೆ ನರಭಕ್ಷಕ ಹುಲಿಗಳು, ಪೂಜಾರಿ ಬೈರನಂತಹ ಕಾಡುಜನರು, ಬೆಂಗಳೂರಿನ ಸುತ್ತಲಿನ ಬೆಟ್ಟಗುಡ್ಡಗಳು ಕಣ್ಣಿಗೆ ಕಟ್ಟಿದಂತೆ ನೆನಪಿನಲ್ಲಿರುತ್ತವೆ. ಆ ಕಥೆಗಳಲ್ಲೆಲ್ಲ ಬೇಟೆಗಾರನ ಕೈಬಿಡದೆ ಬರುವ ಇನ್ನೊಂದು ಪಾತ್ರವಿದೆ. ಅದು .405 ವಿಂಚೆಸ್ಟರ್ ರೈಫಲ್. ದೂರದ ಗುರಿಯನ್ನು ನಿಖರವಾಗಿ ಹೊಡೆಯಬಲ್ಲ ಬೋಲ್ಟ್ ಆ್ಯಕ್ಷನ್ ರೈಫಲ್‌ಗಳು ಅಂಗಡಿಗಳಲ್ಲಿ ದೊರೆಯುತ್ತಿದ್ದ ಕಾಲದಲ್ಲೇ ಅವರು ಲಿವರ್ ಎಳೆದು ಗುಂಡು ತುಂಬುವ, ಹಳೆಯ ಮಾದರಿಯ ಈ ಬಂದೂಕನ್ನು ದಶಕಗಳ ಕಾಲ ಹಿಡಿದರು. ಅವರ ಬೇಟೆಯ ಬದುಕನ್ನು ಅರಿಯಲು ಈ ಆಯ್ಕೆಯೇ ಒಂದು ಒಳ್ಳೆಯ ದಾರಿ.

ಆ್ಯಂಡರ್ಸನ್ ಜನಿಸಿದ್ದು 1910ರ ಮಾರ್ಚ್ 8ರಂದು, ಸಿಕಂದರಾಬಾದ್ ಸಮೀಪದ ಬೊಲಾರಂನಲ್ಲಿ. ತಲೆಮಾರುಗಳಿಂದ ಭಾರತದಲ್ಲಿಯೇ ನೆಲೆಸಿದ್ದ ಸ್ಕಾಟಿಷ್ ಮೂಲದ ಕುಟುಂಬ ಅವರದು. ವಿದ್ಯಾಭ್ಯಾಸ ನಡೆದದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆ ಹಾಗೂ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ. ಕಾನೂನು ಓದಲೆಂದು ಎಡಿನ್‌ಬರೋಗೆ ಕಳುಹಿಸಲ್ಪಟ್ಟರೂ ಅದನ್ನು ಮುಗಿಸದೆ ಮರಳಿದರು. ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಸುಮಾರು ಹದಿನೈದು ವರ್ಷ ದುಡಿದು, ಅನಂತರ ಬೆಂಗಳೂರಿನ ವಿಮಾನ ಕಾರ್ಖಾನೆಯನ್ನು ಸೇರಿದರು. ಕನ್ನಡ, ತಮಿಳು, ತೆಲುಗು ಮೂರನ್ನೂ ಬಲ್ಲವರಾಗಿದ್ದರು. ರಾಜ ಮಹಾರಾಜರ ಶಿಕಾರಿಗೂ ಇವರ ಶಿಕಾರಿಗೂ ಇದ್ದ ಅಂತರವನ್ನು ಇಲ್ಲಿಯೇ ಗುರುತಿಸಬಹುದು. ಆನೆಗಳ ಸಾಲಿಲ್ಲ, ಸೋಹುಗಾರರ ದಂಡಿಲ್ಲ. ರಜೆ ದೊರೆತಾಗ ಸ್ಟುಡಿಬೇಕರ್ ಕಾರನ್ನೇರಿ ಕಾಡಿನತ್ತ ಹೊರಡುವ ನೌಕರಸ್ಥ, ಕೈಯಲ್ಲೊಂದು ರೈಫಲ್, ಜೊತೆಗೆ ಊರಿನ ಒಬ್ಬಿಬ್ಬರು. ಬಂದೂಕುಗಳ ಸಂಗ್ರಹವನ್ನೇ ಹೊತ್ತೊಯ್ದು ಪ್ರತಿ ಸಂದರ್ಭಕ್ಕೊಂದನ್ನು ಆರಿಸುವ ಅನುಕೂಲ ಇಂಥ ಬೇಟೆಗಾರನಿಗೆ ಇರುವುದಿಲ್ಲ. ಒಂದನ್ನು ಆರಿಸಬೇಕು, ಅದರ ಗುಣದೋಷಗಳೊಂದಿಗೆ ಬದುಕಬೇಕು.

ದೂರದ ಬೇಟೆಗೆ ಹೇಳಿಮಾಡಿಸಿದ ನೆಲ ಯಾವುದೆಂದು ಧಾರವಾಡ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. ನವಲಗುಂದ, ಅಣ್ಣಿಗೇರಿಯ ಎರಿಭೂಮಿಯಲ್ಲಿ ಜೋಳ, ಕಡಲೆಯ ಸುಗ್ಗಿ ಮುಗಿದ ಮೇಲೆ ಕಣ್ಣು ಹಾಯುವಷ್ಟು ದೂರವೂ ಮರೆಯೆಂಬುದಿಲ್ಲ. ಚಿಗರಿಯ ಹಿಂಡು ಮನುಷ್ಯನನ್ನು ಬಹು ದೂರದಿಂದಲೇ ಗುರುತಿಸುತ್ತದೆ. ದಖನ್ನಿನ ಬಯಲುಗಳಲ್ಲಿ ಹಿಂದೆ ಬೇಟೆಗಾರರು ಎತ್ತಿನ ಬಂಡಿಯ ಮರೆಯಲ್ಲಿ ಸುತ್ತು ಹಾಕುತ್ತ, ಸುತ್ತನ್ನು ಕಿರಿದಾಗಿಸುತ್ತ ಹಿಂಡನ್ನು ಸಮೀಪಿಸುತ್ತಿದ್ದುದು ಈ ಕಾರಣಕ್ಕೆ. ಅಷ್ಟಾದರೂ ಇನ್ನೂರು ಮುನ್ನೂರು ಗಜಗಳ ಅಂತರ ಉಳಿಯುವುದು ಸಾಮಾನ್ಯವಾಗಿತ್ತು. ಎದೆಯ ಮರ್ಮಸ್ಥಾನ ಒಂದು ಗೇಣಿಗಿಂತ ಹೆಚ್ಚಿಲ್ಲದ ಪ್ರಾಣಿಯನ್ನು ಅಷ್ಟು ದೂರದಿಂದ, ಬೇಸಿಗೆಯ ಬಿಸಿಲ್ಗುದುರೆ ಕುಣಿಯುವ ಹೊತ್ತಿನಲ್ಲಿ, ಬಯಲುಗಾಳಿಯ ನಡುವೆ ಹೊಡೆಯುವುದೆಂದರೆ ಕೈಗಿಂತ ಹೆಚ್ಚಾಗಿ ಬಂದೂಕಿನ ಪರೀಕ್ಷೆ.

ಇಂತಹ ಕೆಲಸಕ್ಕಾಗಿಯೇ ಬೋಲ್ಟ್ ಆ್ಯಕ್ಷನ್ ರೈಫಲ್ ಮನ್ನಣೆ ಗಳಿಸಿತು. ಬಾಗಿಲಿನ ಚಿಲಕವನ್ನು ಸರಿಸಿ ತಿರುಗಿಸಿದಂತೆಯೇ ಇದರ ಕಾರ್ಯ. ಉಕ್ಕಿನ ಬೋಲ್ಟನ್ನು ಮುಂದೂಡಿ ಕೆಳಕ್ಕೆ ತಿರುವಿದಾಗ ಅದರ ಮುಂತುದಿಯ ಹಲ್ಲುಗಳು ನಳಿಗೆಯ ಹಿಂಬದಿಯ ಗಟ್ಟಿ ಉಕ್ಕಿನೊಳಗೆ ಬಿಗಿಯಾಗಿ ಕೂಡುತ್ತವೆ. ಸಿಡಿತದ ಒತ್ತಡ ಪ್ರತಿ ಬಾರಿಯೂ ಒಂದೇ ಬಗೆಯಲ್ಲಿ ಹರಡುವುದರಿಂದ ಗುಂಡುಗಳೂ ಒಂದರ ಪಕ್ಕ ಒಂದು ಬೀಳುತ್ತವೆ. ಜರ್ಮನಿಯ ಮೌಸರ್ ಕಂಪನಿ 1898ರಲ್ಲಿ ರೂಪಿಸಿದ ವಿನ್ಯಾಸದಲ್ಲಿ ತೋಟಾ ಪೆಟ್ಟಿಗೆಯಿಂದ ಮೇಲೇಳುವಾಗಲೇ ಅದರ ಅಂಚನ್ನು ಹಿಡಿದುಕೊಳ್ಳುವ ಉದ್ದನೆಯ ಉಕ್ಕಿನ ಕೊಕ್ಕೆಯೂ ಇದೆ. ಬಂದೂಕು ಓರೆಯಾಗಿದ್ದರೂ ತೋಟಾ ಜಾರುವುದಿಲ್ಲ, ಸುಟ್ಟ ತೋಟಾ ಒಳಗೆ ಸಿಕ್ಕಿಕೊಳ್ಳುವುದು ಅಪರೂಪ. ಲಂಡನ್ನಿನ ಜಾನ್ ರಿಗ್ಬಿ ಕಂಪನಿ ಈ ಮೌಸರ್ ಯಂತ್ರಭಾಗಗಳನ್ನು ತರಿಸಿಕೊಂಡು ನಯವಾದ ಬೇಟೆಯ ರೈಫಲ್‌ಗಳನ್ನು ತಯಾರಿಸಿತು. ಒಂದೂಕಾಲು ಶತಮಾನದಷ್ಟು ಕಾಲ ಬಂದೂಕು ತಯಾರಿಕೆ ಎಷ್ಟೇ ಬದಲಾಗಿದ್ದರೂ ಇಂದಿನ ಬೋಲ್ಟ್ ರೈಫಲ್‌ಗಳಲ್ಲಿ ಹಲವು ಈಗಲೂ ಆ ಮೂಲದಿಂದ ಬಹಳ ದೂರ ಸರಿದಿಲ್ಲ.

ಆ್ಯಂಡರ್ಸನ್ ಅವರ ವಿಂಚೆಸ್ಟರ್ ಬೇರೆ ಕುಲದ್ದು. ಅಮೆರಿಕದ ಜಾನ್ ಬ್ರೌನಿಂಗ್ ವಿನ್ಯಾಸಗೊಳಿಸಿದ 1895ರ ಮಾದರಿ ಅದು. ಕುದುರೆಯ ಕೆಳಗಿನ ಲಿವರನ್ನು ಕೆಳಕ್ಕೆ ತಳ್ಳಿ ಮೇಲೆಳೆದರೆ ಹಳೆಯ ತೋಟಾ ಹೊರಬಿದ್ದು ಹೊಸದು ಒಳಸೇರುತ್ತದೆ. ಹಿಂದಿನ ಲಿವರ್ ಬಂದೂಕುಗಳಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಕೂಡುತ್ತಿದ್ದವು. ಚೂಪು ಮೂತಿಯ ಗುಂಡನ್ನು ಹಾಗಿಟ್ಟರೆ ಮುಂದಿನ ತೋಟಾದ ಕೇಪಿಗೆ ತಗುಲಿ ಸಿಡಿಯುವ ಅಪಾಯವಿತ್ತು. ಬ್ರೌನಿಂಗ್ ಪೆಟ್ಟಿಗೆಯಾಕಾರದ ಮ್ಯಾಗಜಿನ್ ಅಳವಡಿಸಿ ಆ ತೊಡಕನ್ನು ನಿವಾರಿಸಿದರು. ಮೊದಲ ಮಹಾಯುದ್ಧದಲ್ಲಿ ರಷ್ಯಾದ ಸೈನ್ಯವೂ ಈ ಮಾದರಿಯನ್ನು ಲಕ್ಷಗಳ ಲೆಕ್ಕದಲ್ಲಿ ಕೊಂಡಿತು. .405 ತೋಟಾ ಬಂದದ್ದು 1904ರಲ್ಲಿ. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾದ ಬೇಟೆಗೆ ಇದನ್ನೇ ಒಯ್ದ ಮೇಲೆ ಅದರ ಹೆಸರು ಹಬ್ಬಿತು.

ಈ ತೋಟಾದ ಗುಂಡಿನ ತೂಕ 300 ಗ್ರೇನ್, ಅಂದರೆ ಸುಮಾರು 19 ಗ್ರಾಂ. ಮೂತಿ ಮೊಂಡು. ಹೊರಡುವ ವೇಗ ಸೆಕೆಂಡಿಗೆ ಸುಮಾರು 670 ಮೀಟರ್. ಹತ್ತಿರದಲ್ಲಿ ಅದರ ಹೊಡೆತ ಭಾರೀ. ಆದರೆ ಮೊಂಡು ಗುಂಡು ಗಾಳಿಯನ್ನು ಸೀಳಲಾರದೆ ಬೇಗನೆ ವೇಗ ಕಳೆದುಕೊಳ್ಳುತ್ತದೆ. ಇನ್ನೂರು ಗಜ ದಾಟಿದ ಮೇಲೆ ಅದು ನೆಲದತ್ತ ಬಾಗುವ ಬಗೆಯನ್ನು ಲೆಕ್ಕಹಾಕುವುದು ಕಷ್ಟ. ನವಲಗುಂದದ ಬಯಲಿನಲ್ಲಿ ಚಿಗರಿಯ ಮೇಲೆ ಇದನ್ನು ಬಳಸಹೊರಟವನು ಹೆಚ್ಚು ಸಲ ಮಣ್ಣನ್ನೇ ಹೊಡೆಯುತ್ತಿದ್ದ.

ಆ್ಯಂಡರ್ಸನ್ ಬೇಟೆಯಾಡಿದ ನೆಲವಾದರೋ ಬೇರೆ. ಕುರುಚಲು ಕಾಡು, ಬಿದಿರುಮೆಳೆ, ಬಂಡೆಗಳ ನಡುವಿನ ಹಳ್ಳ. ಕಲಘಟಗಿಯಿಂದ ಪಶ್ಚಿಮಕ್ಕೆ ಕಾಡಿನೊಳಗೆ ನಡೆದವರಿಗೆ ಅದರ ಅಂದಾಜಿರುತ್ತದೆ. ಅಲ್ಲಿ ಇಪ್ಪತ್ತು ಗಜದಾಚೆ ಏನೂ ಕಾಣುವುದಿಲ್ಲ. ಕಟ್ಟಿದ ಬಲಿಪ್ರಾಣಿಯ ಸಮೀಪ ಮರದ ಮೇಲಿನ ಅಟ್ಟಣೆಯಲ್ಲಿ ಕುಳಿತು, ರೈಫಲ್‌ಗೆ ಬಿಗಿದ ಟಾರ್ಚಿನ ಬೆಳಕಿನಲ್ಲಿ ಗುಂಡು ಹಾರಿಸುವುದು ಅವರ ಮುಖ್ಯ ಕ್ರಮ. ನಲವತ್ತೆರಡು ಜನರನ್ನು ಕೊಂದಿದ್ದ ಗುಮ್ಮಳಾಪುರದ ಚಿರತೆಗಾಗಿ ಅವರು ಹಳ್ಳಿಯ ಮನೆಯೊಂದರ ಬಾಗಿಲ ಬಳಿಯಲ್ಲೇ ರಾತ್ರಿ ಕಾದರು. ಅರಸೀಕೆರೆ ಸಮೀಪದ ನಾಗವಾರ ಬೆಟ್ಟದಿಂದ ಹಾವಳಿ ಆರಂಭಿಸಿ, ಹನ್ನೆರಡು ಜನರ ಪ್ರಾಣ ತೆಗೆದು, ಇನ್ನೂ ಹಲವರ ಮುಖಗಳನ್ನು ಕಿತ್ತುಹಾಕಿದ್ದ ಕರಡಿಯನ್ನು ಉರುಳಿಸಿದ್ದೂ ಕೆಲವೇ ಗಜಗಳಿಂದ. ನುಗ್ಗಿ ಬರುತ್ತಿರುವ ಪ್ರಾಣಿಯ ಎದುರು ಬಂದೂಕನ್ನು ಹೆಗಲಿನಿಂದ ಇಳಿಸದೆ ಲಿವರ್ ಎಳೆದು ಎರಡನೆಯ ಈಡು ಹಾರಿಸುವ ಅನುಕೂಲವೇ ಅಲ್ಲಿ ನಿರ್ಣಾಯಕ.

ಈ ವಿಷಯದಲ್ಲಿ ಅವರನ್ನು ಜಿಮ್ ಕಾರ್ಬೆಟ್ ಜೊತೆಗಿಟ್ಟು ನೋಡುವುದು ಅನಿವಾರ್ಯ. ನೇಪಾಳ ಹಾಗೂ ಕುಮಾಂವ್ ಪ್ರದೇಶದಲ್ಲಿ 436 ಜನರನ್ನು ಕೊಂದ ಚಂಪಾವತದ ಹೆಣ್ಣುಹುಲಿಯನ್ನು ಕಾರ್ಬೆಟ್ 1907ರಲ್ಲಿ ಹೊಡೆದರು. ಅದರ ಬಲಭಾಗದ ಮೇಲಿನ ಮತ್ತು ಕೆಳಗಿನ ಕೋರೆಹಲ್ಲುಗಳು ಮುರಿದಿದ್ದವು. ಯಾರೋ ಹಿಂದೊಮ್ಮೆ ಹಾರಿಸಿದ ಗುಂಡಿನಿಂದಾದ ಗಾಯವದು. ಸಹಜ ಬೇಟೆ ಅಸಾಧ್ಯವಾಗಿ ಹುಲಿ ಮನುಷ್ಯರತ್ತ ತಿರುಗಿತ್ತು. ಗುರಿತಪ್ಪಿದ ಒಂದೇ ಈಡಿಗೆ ನೂರಾರು ಮನೆಗಳು ಬೆಲೆ ತೆತ್ತವು. ಸ್ವಾರಸ್ಯವೆಂದರೆ, ಆ ಹುಲಿಯನ್ನು ಕೊನೆಗೆ ಮುಗಿಸಿದ್ದು ಕಾರ್ಬೆಟ್ ತಮ್ಮ ತೋಟಾಗಳು ಮುಗಿದಾಗ ತಹಶೀಲ್ದಾರರಿಂದ ಎರವಲು ಪಡೆದ ಹಳೆಯ ಕೋವಿ. ಅದೂ ಇಪ್ಪತ್ತು ಅಡಿಗಿಂತ ಸಮೀಪದಿಂದ. ಆ ಸಾಹಸಕ್ಕೆ ಸರ್ಕಾರದ ಪರವಾಗಿ ದೊರೆತ ಕೊಡುಗೆಯೇ ರಿಗ್ಬಿಯವರ .275 ಬೋಲ್ಟ್ ಆ್ಯಕ್ಷನ್ ರೈಫಲ್. ಅದರ ಗುಂಡಿನ ತೂಕ 140 ಗ್ರೇನ್, ವಿಂಚೆಸ್ಟರ್ ಗುಂಡಿನ ಅರ್ಧಕ್ಕಿಂತ ಕಡಿಮೆ. ಆದರೂ ಹೆಚ್ಚಿನ ವೇಗದಿಂದಾಗಿ ದೂರಕ್ಕೆ ನೇರವಾಗಿ ಸಾಗಬಲ್ಲದು. ಹಿಮಾಲಯದ ಕಣಿವೆಗಳಲ್ಲಿ ಈ ಬದಿಯ ಗುಡ್ಡದಿಂದ ಆ ಬದಿಯ ಗುಡ್ಡಕ್ಕೆ ಗುರಿಯಿಡಬೇಕಾದವನಿಗೆ ಅದು ಸಲ್ಲುವ ಬಂದೂಕು. 1930ರಲ್ಲಿ ಚೌಗಢದ ಹುಲಿಯನ್ನು ಕೆಲವೇ ಅಡಿಗಳ ಅಂತರದಲ್ಲಿ ಒಂದೇ ಕೈಯಿಂದ ಹೊಡೆಯಲು ಸಾಧ್ಯವಾದದ್ದೂ ಅದರ ಹಗುರತನದಿಂದಲೇ. ಕಾರ್ಬೆಟ್‌ಗೆ ಒಪ್ಪಿದ ರೈಫಲ್ ಆ್ಯಂಡರ್ಸನ್‌ಗೂ ಒಪ್ಪಬಹುದಿತ್ತೆಂದು ವಾದಿಸುವವರಿಗೆ ಇಲ್ಲಿ ಆಧಾರವಿದೆ. ಭಾರದ ಗುಂಡೇ ಬೇಕೆಂದರೂ ಮೌಸರ್ ಮಾದರಿಯ ದೊಡ್ಡ ರೈಫಲ್‌ಗಳಿದ್ದವು. ಹಾಗಿದ್ದೂ ಅವರು ಕೈಗೆ ಪಳಗಿದ್ದನ್ನು ಬಿಡಲಿಲ್ಲ.

ಬಂದೂಕಿನ ಆಯ್ಕೆ ಕೇವಲ ರುಚಿಯ ಪ್ರಶ್ನೆಯೂ ಆಗಿರಲಿಲ್ಲ. ಸೈನ್ಯ ಬಳಸುವ .303ರಂತಹ ಬೋರುಗಳು ಸಾಮಾನ್ಯರಿಗೆ ನಿಷಿದ್ಧವಾಗಿದ್ದವು. ಸೈನ್ಯದ ತೋಟಾ ಕಳವಾಗಿ ಹೊರಗಿನ ಬಂದೂಕಿಗೆ ಬಳಕೆಯಾಗಬಾರದೆಂಬುದು ಬ್ರಿಟಿಷ್ ಆಡಳಿತದ ಎಚ್ಚರಿಕೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯವಸ್ಥೆಯಲ್ಲಿಯೂ ನಿಷೇಧಿತ ಬೋರು, ನಿಷೇಧವಿಲ್ಲದ ಬೋರು ಎಂಬ ಭೇದ ಮುಂದುವರಿಯಿತು. ಸ್ವತಂತ್ರ ಭಾರತದಲ್ಲಿ ಸಾಮಾನ್ಯ ಪರವಾನಗಿದಾರನಿಗೆ ಎಟುಕುವ ಬೋಲ್ಟ್ ಆ್ಯಕ್ಷನ್ ಎಂದರೆ ಸರ್ಕಾರಿ ಕಾರ್ಖಾನೆಯ .315 ರೈಫಲ್. ಅತ್ತ ವಿಂಚೆಸ್ಟರ್ 1895ರ ಮಾದರಿಯ ಮೂಲ ತಯಾರಿಕೆ 1940ರ ವೇಳೆಗೆ ನಿಂತುಹೋಗಿತ್ತು. ಎಷ್ಟೇ ಉತ್ತಮ ರೈಫಲ್ ಆದರೂ ತೋಟಾ ಸಿಗದಿದ್ದರೆ ಅದು ಗೋಡೆಯ ಅಲಂಕಾರ. ಕೊಳ್ಳುವವನು ನಳಿಗೆಯ ನೇರ, ಬೋಲ್ಟಿನ ನಯ, ಕುದುರೆ ಎಳೆದಾಗ ಪ್ರತಿ ಸಲವೂ ಒಂದೇ ಭಾರಕ್ಕೆ ಬಿಡುವ ಗುಣ ಇವುಗಳನ್ನು ಪರಿಶೀಲಿಸುವ ಮುನ್ನ ತೋಟಾದ ಲಭ್ಯತೆಯನ್ನು ವಿಚಾರಿಸಬೇಕಿತ್ತು. ಮಲೆನಾಡಿನ ಮಳೆಗೆ ಮರದ ಹಿಡಿ ಉಬ್ಬಿ ನಳಿಗೆಯನ್ನು ಒತ್ತಿದರೆ ಬೇಸಿಗೆಯಲ್ಲಿ ಸರಿಯಿದ್ದ ಗುರಿ ಆಷಾಢದಲ್ಲಿ ತಪ್ಪುತ್ತದೆ. ಹತ್ತಿರದ ಈಡಿಗೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಮುನ್ನೂರು ಗಜಕ್ಕೆ ಅದೇ ಪ್ರಾಣಿಯ ಎದೆಗೂ ಹೊಟ್ಟೆಗೂ ಇರುವ ಅಂತರವಾಗಿಬಿಡುತ್ತದೆ.

ಹೊಟ್ಟೆಗೆ ಬಿದ್ದ ಗುಂಡಿನ ಪರಿಣಾಮವನ್ನು ಆ್ಯಂಡರ್ಸನ್ ಚೆನ್ನಾಗಿ ಬಲ್ಲವರು. ಅವರು ಬೆನ್ನುಹತ್ತಿದ ನರಭಕ್ಷಕಗಳಲ್ಲಿ ಹಲವು ಯಾರದೋ ಗುಂಡಿನಿಂದಲೋ ಮುಳ್ಳುಹಂದಿಯ ಮುಳ್ಳಿನಿಂದಲೋ ಊನಗೊಂಡವು. ರಾತ್ರಿ ಹೊಲ ಕಾಯುವವನ ಕೇಪಿನ ಕೋವಿ, ರಸ್ತೆಬದಿಯಿಂದ ಗುಂಡು ಹಾರಿಸಿ ಮನೆಗೆ ಹೋಗುವ ಪಟ್ಟಣದ ಹವ್ಯಾಸಿ, ಎರಡೂ ಅವರ ಬರಹಗಳಲ್ಲಿ ಕಾಣಿಸಿಕೊಳ್ಳುತ್ತವೆ. ಸ್ವತಃ ಅವರ ಗುರಿಯೂ ತಪ್ಪಿದ್ದುಂಟು. ಶಿವನಿಪಳ್ಳಿಯ ಕರಿಚಿರತೆ ಅವರ ಗುಂಡಿಗೆ ಗಾಯಗೊಂಡು ಕಾಡು ಸೇರಿದಾಗ ಊರ ನಾಯಿಯೊಂದರ ನೆರವಿನಿಂದ ಅದರ ಜಾಡು ಹಿಡಿದು ಹೋದರು. ಗಾಯಗೊಂಡ ಪ್ರಾಣಿಯನ್ನು ಹಾಗೆಯೇ ಬಿಟ್ಟುಬರುವುದು ಅವರ ದೃಷ್ಟಿಯಲ್ಲಿ ಹಳ್ಳಿಯವರಿಗೆ ಮಾಡುವ ದ್ರೋಹವಾಗಿತ್ತು. ಅದನ್ನು ಹುಡುಕಿ ಪೊದೆಯೊಳಗೆ ಇಳಿಯುವವನಿಗೆ ದೂರದರ್ಶಕದ ಗುರಿಗಿಂತ ಭಾರದ ಗುಂಡೇ ಹೆಚ್ಚು ಪ್ರಯೋಜನಕಾರಿ.

1939ರಿಂದ 1966ರವರೆಗಿನ ಅವಧಿಯಲ್ಲಿ ಅವರು ಎಂಟು ನರಭಕ್ಷಕ ಚಿರತೆಗಳನ್ನೂ ಏಳು ಹುಲಿಗಳನ್ನೂ ಕೊಂದದ್ದು ದಾಖಲಾಗಿದೆ. ಲೆಕ್ಕಕ್ಕೆ ಬಾರದ್ದು ಇನ್ನೂ ಹೆಚ್ಚೆಂಬ ಪ್ರತೀತಿಯುಂಟು. 1954ರಲ್ಲಿ ‘ನೈನ್ ಮ್ಯಾನ್‌ಈಟರ್ಸ್ ಆ್ಯಂಡ್ ಒನ್ ರೋಗ್’ ಪ್ರಕಟವಾದ ಬಳಿಕ ಪುಸ್ತಕಗಳ ಸಾಲೇ ಬಂತು. ಅವರ ಕಥನಗಳಲ್ಲಿ ರಂಜನೆಯ ಅಂಶ ತುಸು ಹೆಚ್ಚೆಂಬ ಆಕ್ಷೇಪ ಹಳೆಯದು, ಪೂರ್ತಿ ತಳ್ಳಿಹಾಕುವಂತಹದೂ ಅಲ್ಲ. ಆದರೆ ತಾನು ಎಡವಿದ, ಕಾದು ಸೋತ, ಹೆದರಿದ ಸಂದರ್ಭಗಳನ್ನು ಇಷ್ಟು ಧಾರಾಳವಾಗಿ ಬರೆದ ಬೇಟೆಗಾರರು ವಿರಳ. ಇಳಿವಯಸ್ಸಿನಲ್ಲಿ ಬಂದೂಕಿಗಿಂತ ಕ್ಯಾಮೆರಾ ಅವರಿಗೆ ಹೆಚ್ಚು ಪ್ರಿಯವಾಯಿತು. ಕಾಡು ಕರಗುತ್ತಿರುವುದರ ಕುರಿತ ಕಳವಳ ಕೊನೆಯ ಪುಸ್ತಕಗಳುದ್ದಕ್ಕೂ ಇದೆ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಬೇಟೆಯ ಯುಗಕ್ಕೆ ತೆರೆಬಿತ್ತು. 1974ರ ಆಗಸ್ಟ್ 30ರಂದು ಆ್ಯಂಡರ್ಸನ್ ಬೆಂಗಳೂರಿನಲ್ಲಿ ಕ್ಯಾನ್ಸರ್‌ನಿಂದ ನಿಧನರಾದರು. ಅದೇ ವರ್ಷ, ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗ ಅಭಯಾರಣ್ಯ ಸ್ಥಾಪನೆಯಾಯಿತು. ಕಾಯ್ದೆಯ ಮೊದಲನೆಯ ಅನುಸೂಚಿಯ ರಕ್ಷಣೆ ಪಡೆದಿರುವ ಚಿಗರಿಗಳು ಇಂದು ನವಲಗುಂದದ ಎರಿಹೊಲಗಳಲ್ಲಿ ಹೆಸರು, ಕಡಲೆಯ ಎಳೆಬೆಳೆಗೆ ಬಾಯಿ ಹಾಕುತ್ತವೆ. ರೈತರು ಪಟಾಕಿ ಸಿಡಿಸಿ, ಕೂಗು ಹಾಕಿ ಅವುಗಳನ್ನು ಅಟ್ಟುತ್ತಾರೆ, ಬೆಳೆಹಾನಿಯ ಪರಿಹಾರಕ್ಕೆ ಅರ್ಜಿ ಬರೆಯುತ್ತಾರೆ. ಹಿಂಡು ಮುನ್ನೂರು ಗಜದಷ್ಟು ಓಡಿ ನಿಲ್ಲುತ್ತದೆ, ತಿರುಗಿ ನೋಡುತ್ತದೆ.