ಯಲ್ಲಾಪ್ರಗಡ ಸುಬ್ಬರಾವ್: ಮದರಾಸಿನಿಂದ ಹೊರಟ ಎರಡು ಕಾಣಿಕೆಗಳು

ಚೆನ್ನೈನ ಎಗ್ಮೋರಿನಲ್ಲಿರುವ ಹೆಂಗಸರ ಮತ್ತು ಮಕ್ಕಳ ಸರ್ಕಾರಿ ಆಸ್ಪತ್ರೆಯ ಮೂಲ 1844ರಲ್ಲಿ ಸ್ಥಾಪಿತವಾದ ಹೆರಿಗೆ ಆಸ್ಪತ್ರೆ. ದೇಶದ ಇತರ ಸರ್ಕಾರಿ ಆಸ್ಪತ್ರೆಗಳಲ್ಲಿರುವಂತೆ ಅಲ್ಲಿಯೂ ಗರ್ಭಿಣಿಯರಿಗೆ ಕಬ್ಬಿಣಾಂಶದೊಡನೆ ಫೋಲಿಕ್ ಆಮ್ಲ ಕೂಡಿದ ಮಾತ್ರೆಯನ್ನು ಕೊಡುವುದು ವಾಡಿಕೆ. ಆ ಆಮ್ಲವನ್ನು ಪ್ರಯೋಗಾಲಯದಲ್ಲಿ ಸಂಶ್ಲೇಷಿಸಿದ ತಂಡದ ನಾಯಕರು ಅದೇ ನಗರದಲ್ಲಿ ವೈದ್ಯವನ್ನು ಕಲಿತು, ಪೂರ್ಣ ಪದವಿ ದೊರೆಯದೆ ಹೊರಟ ಯಲ್ಲಾಪ್ರಗಡ ಸುಬ್ಬರಾವ್. ಶಿಶುವಿನ ಮೆದುಳು ರೂಪುಗೊಳ್ಳುವ ಬಗೆಯನ್ನು ಅರಿಯಲು ಹೊರಟವರಿಗೆ ಈ ಹೆಸರು ಒಮ್ಮೆಯಲ್ಲ, ಎರಡು ಬಾರಿ ಎದುರಾಗುತ್ತದೆ.

ಸುಬ್ಬರಾವ್ ಅವರು ಜನಿಸಿದ್ದು 1895ರ ಜನವರಿ 12ರಂದು, ಅಂದಿನ ಮದರಾಸು ಪ್ರಾಂತಕ್ಕೆ ಸೇರಿದ್ದ ಭೀಮವರಂನಲ್ಲಿ. ಮನೆತನ ಬಡವಾಗಿತ್ತು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಅವರು ತೇರ್ಗಡೆಯಾದದ್ದು ಮೂರನೆಯ ಪ್ರಯತ್ನದಲ್ಲಿ, ಮದರಾಸಿನ ಹಿಂದೂ ಹೈಸ್ಕೂಲಿನಿಂದ. ಪ್ರೆಸಿಡೆನ್ಸಿ ಕಾಲೇಜಿನ ವ್ಯಾಸಂಗದ ಬಳಿಕ ಮದರಾಸು ವೈದ್ಯಕೀಯ ಕಾಲೇಜನ್ನು ಸೇರಿದರು. ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳೂ ಆಗ ಅದೇ ಪ್ರಾಂತದಲ್ಲಿದ್ದುದರಿಂದ ಆ ನಗರ ಕನ್ನಡಿಗರ ಪಾಲಿಗೂ ವಿದ್ಯಾಕೇಂದ್ರವಾಗಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ಗಾಂಧೀಜಿಯವರ ಕರೆಗೆ ಓಗೊಟ್ಟು ಸುಬ್ಬರಾವ್ ಶಸ್ತ್ರಚಿಕಿತ್ಸೆಯ ವೇಳೆಯಲ್ಲೂ ಖಾದಿಯ ಉಡುಪನ್ನು ತೊಟ್ಟರು. ಅದು ಆಂಗ್ಲ ಪ್ರಾಧ್ಯಾಪಕರಿಗೆ ಹಿಡಿಸಲಿಲ್ಲ, ಎಂ.ಬಿ.ಬಿ.ಎಸ್. ಪದವಿಗೆ ಬದಲಾಗಿ ಅದಕ್ಕಿಂತ ಕೆಳಮಟ್ಟದ ಎಲ್.ಎಂ.ಎಸ್. ಪ್ರಮಾಣಪತ್ರವಷ್ಟೇ ದೊರೆಯಿತು. ಇದೇ ಕಾಲಘಟ್ಟದಲ್ಲಿ ಅವರ ಇಬ್ಬರು ಸೋದರರು ಸ್ಪ್ರೂ ಎಂಬ ಕರುಳಿನ ಬೇನೆಗೆ ಬಲಿಯಾದರು. ಕೆಲಕಾಲ ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರವನ್ನು ಬೋಧಿಸಿ, 1920ರ ದಶಕದ ಆರಂಭದಲ್ಲಿ ಅಮೆರಿಕಕ್ಕೆ ತೆರಳಿದ ಅವರು ಮತ್ತೆ ತಾಯ್ನಾಡಿಗೆ ಮರಳಲಿಲ್ಲ. ಪತ್ನಿ ಇಲ್ಲಿಯೇ ಉಳಿದರು.

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಸೈರಸ್ ಫಿಸ್ಕ್ ಅವರೊಡಗೂಡಿ ರಂಜಕವನ್ನು ಅಳೆಯುವ ವಿಧಾನವೊಂದನ್ನು ಸುಬ್ಬರಾವ್ 1925ರಲ್ಲಿ ರೂಪಿಸಿದರು. ಆ ವಿಧಾನ ಇಂದಿಗೂ ಇಬ್ಬರ ಹೆಸರಿನಲ್ಲಿದೆ. ಅದರ ಬಲದಿಂದ 1927ರಲ್ಲಿ ಸ್ನಾಯುವಿನಲ್ಲಿ ಫಾಸ್ಫೋಕ್ರಿಯಾಟಿನ್, 1929ರಲ್ಲಿ ಅಡಿನೊಸಿನ್ ಟ್ರೈಫಾಸ್ಫೇಟ್ ಅಥವಾ ಎ.ಟಿ.ಪಿ. ಬೆಳಕಿಗೆ ಬಂದವು. ಎ.ಟಿ.ಪಿ.ಯನ್ನು ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ ಸ್ವತಂತ್ರವಾಗಿ ಕಂಡುಹಿಡಿದರು. ಇಷ್ಟಾದರೂ ಹಾರ್ವರ್ಡ್‌ನಲ್ಲಿ ಸುಬ್ಬರಾವ್ ಅವರಿಗೆ ಕಾಯಂ ಹುದ್ದೆ ಲಭಿಸಲಿಲ್ಲ. 1940ರಲ್ಲಿ ಅವರು ಲೆಡರ್ಲೆ ಪ್ರಯೋಗಾಲಯವನ್ನು ಸೇರಿ ಸಂಶೋಧನ ನಿರ್ದೇಶಕರಾದರು. ಅವರ ತಂಡ 1945ರಲ್ಲಿ ಫೋಲಿಕ್ ಆಮ್ಲದ ಸಂಶ್ಲೇಷಣೆಯನ್ನು ಪ್ರಕಟಿಸಿತು. ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರಿನ ಈ ಜೀವಸತ್ವ, ಸೋದರರನ್ನು ಕೊಂಡೊಯ್ದ ಸ್ಪ್ರೂ ರೋಗಕ್ಕೂ ಮದ್ದಾಯಿತು. 1948ರ ಆಗಸ್ಟ್‌ನಲ್ಲಿ, 53ನೆಯ ವಯಸ್ಸಿನಲ್ಲಿ, ಸುಬ್ಬರಾವ್ ನಿಧನರಾದರು.

ಈ ಎರಡು ವಸ್ತುಗಳಿಗೂ ಮೆದುಳಿನ ರಚನೆಗೂ ಇರುವ ಸಂಬಂಧ ಸ್ಪಷ್ಟವಾದದ್ದು ಅವರ ಕಾಲಾನಂತರ. ಭ್ರೂಣದಲ್ಲಿ ಮೊದಲು ಒಂದು ಹಾಳೆಯಂತಿರುವ ಕೋಶಪದರ ಮಡಚಿಕೊಂಡು ಕೊಳವೆಯಾಗುತ್ತದೆ. ಇದೇ ನರನಾಳ, ಮೆದುಳು ಮತ್ತು ಬೆನ್ನುಹುರಿಗಳ ಮೂಲ. ಗರ್ಭಧಾರಣೆಯಾದ ಸುಮಾರು 28 ದಿನಗಳೊಳಗೆ ಅದು ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಮಗುವಿನ ಬೆನ್ನುಹುರಿಯೋ ಮೆದುಳೋ ಶಾಶ್ವತವಾಗಿ ಊನಗೊಳ್ಳುತ್ತದೆ. ಹಿಂದೆ ಇಂಥ ದೋಷದ ಗರ್ಭ ಧರಿಸಿದ್ದ ತಾಯಂದಿರಲ್ಲಿ, ಫೋಲಿಕ್ ಆಮ್ಲದ ಸೇವನೆಯಿಂದ ದೋಷ ಮರುಕಳಿಸುವ ಸಂಭವ ಶೇಕಡ 72ರಷ್ಟು ಇಳಿಯುವುದೆಂದು 1991ರಲ್ಲಿ ಪ್ರಕಟವಾದ ಬ್ರಿಟಿಷ್ ವೈದ್ಯಕೀಯ ಸಂಶೋಧನ ಮಂಡಲಿಯ ಅಧ್ಯಯನ ತೋರಿಸಿತು.

ನಾಳ ಮುಚ್ಚಿದ ಮೇಲೆ ಎರಡನೆಯ ಘಟ್ಟ. ಮೆದುಳಿನ ನರಕೋಶಗಳು ತಾವು ಹುಟ್ಟಿದ ಎಡೆಯಲ್ಲೇ ನಿಲ್ಲುವುದಿಲ್ಲ. ನಾಳದ ಒಳಗೋಡೆಯ ಬಳಿ ಹುಟ್ಟಿ, ಆಧಾರಕೋಶಗಳ ನೀಳ ಎಳೆಗಳನ್ನು ಹಿಡಿದು ಹೊರಪದರದತ್ತ ಸಾಗುತ್ತವೆ. ಯಾವಾಗ ಹೊರಡಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ನೆರೆಯ ಕೋಶಗಳು ಸ್ರವಿಸುವ ರಾಸಾಯನಿಕ ಸಂಕೇತಗಳು ತಿಳಿಸುತ್ತವೆ. ಎ.ಟಿ.ಪಿ. ಅಂಥ ಸಂಕೇತಗಳಲ್ಲಿ ಒಂದು. ಕೋಶದೊಳಗೆ ಅದು ಶಕ್ತಿಯ ನಾಣ್ಯ. ಹೊರಗೆ ಬಂದಾಗ ಸಂದೇಶ. ನಿಘಂಟಿನ ನಾನಾರ್ಥಪದಗಳಂತೆ ಇಲ್ಲಿಯೂ ಸಂದರ್ಭವೇ ಅರ್ಥವನ್ನು ನಿರ್ಣಯಿಸುತ್ತದೆ. ಎ.ಟಿ.ಪಿ.ಗೆ ಸಂದೇಶವಾಹಕ ಗುಣವುಂಟೆಂಬ ವಾದವನ್ನು 1972ರಲ್ಲಿ ಜೆಫ್ರಿ ಬರ್ನ್‌ಸ್ಟಾಕ್ ಮಂಡಿಸಿದಾಗ ಬಹುಮಂದಿ ಅದನ್ನು ಒಪ್ಪಲಿಲ್ಲ. ಮುಂದೆ 2008ರಲ್ಲಿ ಪ್ರಕಟವಾದ ಪ್ರಯೋಗಗಳು, ಇಲಿಜಾತಿಯ ಪ್ರಾಣಿಗಳ ಭ್ರೂಣದ ಮೆದುಳಿನಲ್ಲಿ ಈ ಸಂಕೇತವನ್ನು ತಡೆದರೆ ನರಕೋಶಗಳಿಗೆ ಜನ್ಮವೀಯುವ ಕೋಶಗಳ ಪಯಣ ಕುಂಠಿತವಾಗುವುದನ್ನು ತೋರಿಸಿದವು.

ಹೀಗೆ, ನರನಾಳ ಮುಚ್ಚುವಲ್ಲಿಯೂ ಕೋಶಗಳು ದಾರಿ ಹಿಡಿಯುವಲ್ಲಿಯೂ ಸುಬ್ಬರಾವ್ ಅವರ ದುಡಿಮೆಯಿಂದ ಪರಿಚಿತವಾದ ವಸ್ತುಗಳು ಕಾರ್ಯನಿರತವಾಗಿವೆ. ಆದರೆ ಅವುಗಳಲ್ಲಿ ಒಂದನ್ನು ಬಳಸುವ ಹೊಣೆ ನಮ್ಮ ಮೇಲಿದೆ. ತಾನು ಗರ್ಭಿಣಿಯೆಂದು ಖಚಿತವಾಗಿ ಹೆಣ್ಣೊಬ್ಬಳು ಆಸ್ಪತ್ರೆಯ ಮೆಟ್ಟಿಲೇರುವ ವೇಳೆಗೆ 28 ದಿನಗಳು ಎಷ್ಟೋ ಸಲ ಕಳೆದಿರುತ್ತವೆ. ಆಗ ಕೊಡುವ ಮಾತ್ರೆ ರಕ್ತಹೀನತೆಯನ್ನು ನೀಗೀತೇ ಹೊರತು, ಮುಚ್ಚದೆ ಉಳಿದ ನಾಳವನ್ನು ಮುಚ್ಚಲಾರದು. ಗರ್ಭಧಾರಣೆಗೆ ಮುನ್ನವೇ ಅದನ್ನು ಸೇವಿಸತಕ್ಕದ್ದೆಂಬ ತಿಳಿವಳಿಕೆ ಮನೆಮನೆಯ ಮಾತಾಗಬೇಕು. ಪ್ರಯೋಗಾಲಯದ ಕಾರ್ಯ 1945ರಲ್ಲಿಯೇ ಮುಗಿಯಿತು. ಆ ತಿಳಿವಳಿಕೆಯನ್ನು ಸಕಾಲದಲ್ಲಿ ತಾಯಿಯ ಕಿವಿಗೆ ಮುಟ್ಟಿಸುವುದು ಅವಳ ಭಾಷೆಯನ್ನು ಬಲ್ಲವರ ಕಾರ್ಯ. ಕನ್ನಡ ಅಧ್ಯಯನದ ವ್ಯಾಪ್ತಿಯಿಂದ ಇದು ಹೊರತಾದುದಲ್ಲ.