ಮಂಕು ನಕ್ಷತ್ರ ನೋಡಲು ಹರ್ಷೆಲ್ ಕತ್ತಲಲ್ಲಿ ಕಾಯುತ್ತಿದ್ದುದೇಕೆ?

ಮಂಕಾದ ನಕ್ಷತ್ರಗಳನ್ನು ನೋಡಲು ಹದ್ದಿನ ಕಣ್ಣು ಬೇಕು ಎಂಬ ನಂಬಿಕೆ ಹಲವರಿಗಿದೆ. ನಿಜಕ್ಕೂ ಹೆಚ್ಚು ಬೇಕಾಗುವುದು ಕತ್ತಲು ಮತ್ತು ತಾಳ್ಮೆ. ಇದನ್ನು ಅನುಭವದಿಂದಲೇ ಕಂಡುಕೊಂಡವರು ವಿಲಿಯಂ ಹರ್ಷೆಲ್.

1738ರಲ್ಲಿ ಜರ್ಮನಿಯ ಹ್ಯಾನೋವರ್‌ನಲ್ಲಿ ಹುಟ್ಟಿದ ಹರ್ಷೆಲ್ ಮೂಲತಃ ಸಂಗೀತಗಾರರು. 1757ರಲ್ಲಿ ಇಂಗ್ಲೆಂಡಿಗೆ ಹೋಗಿ, ಮುಂದೆ ಬಾತ್ ಪಟ್ಟಣದಲ್ಲಿ ಆರ್ಗನ್ ವಾದಕರಾದರು. 1772ರಲ್ಲಿ ತಂಗಿ ಕ್ಯಾರೊಲಿನ್ ಅವರನ್ನೂ ಅಲ್ಲಿಗೆ ಕರೆತಂದರು. ಹಾಡುಗಾರ್ತಿಯಾಗಲು ಬಂದ ಆಕೆ, ದೂರದರ್ಶಕದ ಕನ್ನಡಿಯನ್ನು ಗಂಟೆಗಟ್ಟಲೆ ಉಜ್ಜುತ್ತಿದ್ದ ಅಣ್ಣನ ಬಾಯಿಗೆ ತುತ್ತು ಇಡುವಂತಾಯಿತು! 1781ರ ಮಾರ್ಚ್ 13ರಂದು ಹರ್ಷೆಲ್ ಯುರೇನಸ್ ಗ್ರಹವನ್ನು ಕಂಡುಹಿಡಿದರು. ರಾಜನಿಂದ ವರ್ಷಕ್ಕೆ 200 ಪೌಂಡ್ ಭತ್ಯೆ ಸಿಕ್ಕಿತು, ಸಂಗೀತದ ಕೆಲಸ ನಿಂತಿತು.

1783ರಿಂದ ಅವರು 20 ಅಡಿ ಉದ್ದದ ದೂರದರ್ಶಕದಲ್ಲಿ ಮಸುಕಾದ ನೀಹಾರಿಕೆಗಳನ್ನು ಹುಡುಕತೊಡಗಿದರು. ಆಗ ಎದುರಾದದ್ದು ಒಂದು ಸರಳ ತೊಡಕು. ಕಂಡದ್ದನ್ನು ಬರೆದುಕೊಳ್ಳಬೇಕು, ಬರೆಯಲು ದೀಪ ಬೇಕು, ದೀಪ ನೋಡಿದರೆ ಕಣ್ಣು ಕೆಟ್ಟಂತೆಯೇ. ಅದಕ್ಕೆ ಕ್ಯಾರೊಲಿನ್ ದೀಪ, ಗಡಿಯಾರಗಳೊಂದಿಗೆ ಒಳಗೆ ಕಿಟಕಿಯ ಬಳಿ ಕೂರುತ್ತಿದ್ದರು. ಅಣ್ಣ ಹೊರಗಿನಿಂದ ಕೂಗಿ ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದರು.

ತೀರಾ ಮಸುಕಾದ ವಸ್ತುಗಳು ಕಾಣಬೇಕಾದರೆ ಕಣ್ಣಿಗೆ ಸುಮಾರು 20 ನಿಮಿಷ ಕತ್ತಲು ಬೇಕು ಎಂಬುದು ಹರ್ಷೆಲ್ ಅವರ ಲೆಕ್ಕ. ನಡುವೆ ಒಂದು ಪ್ರಕಾಶಮಾನ ನಕ್ಷತ್ರ ಹಾದುಹೋದರೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಮತ್ತೆ ಕಾಯಬೇಕಿತ್ತು. ಅಕ್ಕಪಕ್ಕದ ಬೆಳಕು ತಾಗದಂತೆ ಅವರು ತಲೆಗೆ ಕಪ್ಪು ಮುಸುಕು ಹಾಕಿಕೊಳ್ಳುತ್ತಿದ್ದರು.

ಹೀಗೇಕೆ ಆಗುತ್ತದೆ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ನಮ್ಮ ಅಕ್ಷಿಪಟಲದಲ್ಲಿ ಎರಡು ಬಗೆಯ ಕೋಶಗಳಿವೆ. ಹಗಲಿಗೆ, ಬಣ್ಣಕ್ಕೆ ಶಂಕುಕೋಶಗಳು. ಮಂದ ಬೆಳಕಿಗೆ ದಂಡಕೋಶಗಳು. ದಂಡಕೋಶಗಳಲ್ಲಿರುವ ರೊಡಾಪ್ಸಿನ್ ಎಂಬ ವರ್ಣದ್ರವ್ಯ ಬೆಳಕು ಬಿದ್ದಾಗ ಬಣ್ಣಗೆಡುತ್ತದೆ, ಕತ್ತಲಲ್ಲಿ ನಿಧಾನವಾಗಿ ಮತ್ತೆ ತಯಾರಾಗುತ್ತದೆ. ಪೂರ್ತಿ ಸಿದ್ಧವಾಗಲು 30–40 ನಿಮಿಷ ಬೇಕು. ಪಾಪೆ ಹಿಗ್ಗುವುದರಿಂದಲೇ ಇದೆಲ್ಲ ಆಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅದರ ಪಾಲು ಸಣ್ಣದು. ಇನ್ನೊಂದು ವಿಷಯ: ನಾವು ನೇರವಾಗಿ ದಿಟ್ಟಿಸಿದಾಗ ಬಿಂಬ ಬೀಳುವ ನಟ್ಟನಡುವಿನ ಜಾಗದಲ್ಲಿ ದಂಡಕೋಶಗಳೇ ಇಲ್ಲ. ಹಾಗಾಗಿ ಮಂಕು ನಕ್ಷತ್ರವನ್ನು ದಿಟ್ಟಿಸಿದರೆ ಮಾಯ, ತುಸು ಪಕ್ಕಕ್ಕೆ ನೋಡಿದರೆ ಪ್ರತ್ಯಕ್ಷ.

ಈ ಕೆಲಸಕ್ಕೆ ಕ್ಯಾರೊಲಿನ್ ತೆತ್ತ ಬೆಲೆ ಕಡಿಮೆಯಲ್ಲ. 1783ರ ಡಿಸೆಂಬರ್ 31ರ ರಾತ್ರಿ ಅಣ್ಣ ಅವಸರಿಸಿದಾಗ ಹಿಮದ ಮೇಲೆ ಓಡಿ ಬಿದ್ದರು. ಉಪಕರಣದ ಕಬ್ಬಿಣದ ಕೊಕ್ಕೆ ತೊಡೆಗೆ ಚುಚ್ಚಿಕೊಂಡಿತು. ಹೀಗೆ ಇಬ್ಬರೂ ಸೇರಿ ಸುಮಾರು 2500 ನೀಹಾರಿಕೆ ಮತ್ತು ನಕ್ಷತ್ರಗುಚ್ಛಗಳನ್ನು ದಾಖಲಿಸಿದರು. ಪಟ್ಟಿಗಳಲ್ಲಿ ಹೆಸರು ಮಾತ್ರ ಹೆಚ್ಚಾಗಿ ಅಣ್ಣನದೇ.

ಆದರೆ 1786ರಲ್ಲಿ ಅಣ್ಣ ಜರ್ಮನಿಗೆ ಹೋಗಿದ್ದರು. ಬರೆದುಕೊಳ್ಳುವ ಕೆಲಸವಿಲ್ಲದೆ ಕತ್ತಲು ಕ್ಯಾರೊಲಿನ್ ಪಾಲಿಗೆ ಬಂತು. ಆಗಸ್ಟ್ 1ರಂದು ಅವರು ಧೂಮಕೇತುವೊಂದನ್ನು ಕಂಡುಹಿಡಿದರು. ಮುಂದೆ ಅಂಥವು ಒಟ್ಟು ಎಂಟಾದವು. 1787ರಿಂದ ಅವರಿಗೂ ವರ್ಷಕ್ಕೆ 50 ಪೌಂಡ್ ಸಂಬಳ ಸಿಕ್ಕಿತು.

ಹರ್ಷೆಲ್ 1822ರಲ್ಲಿ ತೀರಿಕೊಂಡರು. ಹ್ಯಾನೋವರ್‌ಗೆ ಮರಳಿದ ಕ್ಯಾರೊಲಿನ್, ಆ ನೀಹಾರಿಕೆಗಳ ಪಟ್ಟಿಯನ್ನು ಹೊಸದಾಗಿ ಜೋಡಿಸಿ ಅಣ್ಣನ ಮಗ ಜಾನ್‌ಗೆ ಕಳಿಸಿಕೊಟ್ಟರು.